ಕ್ವಾಯರ್ ಮುಂದೆ ಕೈ ಬೀಸುವುದನ್ನು ಬಿಟ್ಟ ಕತೆ

ಕ್ವಾಯರ್ ಅಂದರೆ ಒಟ್ಟಾಗಿ ಹಾಡುವವರ ತಂಡ, ಅದರ ಮುಂದೆ ನಿಂತು ಕೈಸನ್ನೆಯಿಂದ ಹಾಡಿಸುವವನು ನಾನು. ಒಂದು ವರ್ಷ ನಮ್ಮ ಕ್ರಿಸ್‌ಮಸ್ ರಿಹರ್ಸಲ್ಲನ್ನು ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿದರು. ಹಾಡು ಹೇಗೆ ಬಂದಿದೆ ನೋಡೋಣ ಅಂತ ಹಾಕಿದೆ. ಹಾಡು ಕಿವಿಗೇ ಬೀಳಲಿಲ್ಲ. ಕಣ್ಣೆಲ್ಲ ನನ್ನ ಕೈಗಳ ಮೇಲೆ. ಎರಡೂ ಕೈ ತಲೆಗಿಂತ ಮೇಲೆ, ಜೊತೆಗೆ ಮೊಣಕಾಲು ಬೇರೆ ಕುಣಿಯುತ್ತಿತ್ತು. ಹಾಡುತ್ತಿದ್ದುದು ‘ಸೈಲೆಂಟ್ ನೈಟ್’. ಮಗು ಮಲಗಿಸುವಂಥ ಹಾಡಿಗೆ ಯಾರಾದರೂ ಹೊಲದಲ್ಲಿ ಹಕ್ಕಿ ಓಡಿಸುವ ಹಾಗೆ ಕೈ ಬೀಸುತ್ತಾರಾ?

ಎರಡನೇ ಸಲ ನೋಡಿದಾಗ ಇನ್ನೊಂದು ಗೊತ್ತಾಯಿತು. ನನ್ನ ಕೈ ಮೇಲೆ ಹೋದಾಗಲೆಲ್ಲ ಸೊಪ್ರಾನೊಗಳ, ಅಂದರೆ ಎಲ್ಲರಿಗಿಂತ ಎತ್ತರದ ಸ್ವರದಲ್ಲಿ ಹಾಡುವವರ, ದನಿ ಜೋರಾಗುತ್ತಿತ್ತು. ಆಗ ಎಡಗೈ ಅಡ್ಡ ಹಿಡಿದು ‘ಮೆಲ್ಲಗೆ, ಮೆಲ್ಲಗೆ’ ಅನ್ನುತ್ತಿದ್ದೆ. ಮೆಲ್ಲಗಾಗುವ ಬದಲು ಅವರು ನಿಧಾನ ಮಾಡುತ್ತಿದ್ದರು. ಮತ್ತೆ ಬಲಗೈ ಎಳೆಯುತ್ತಿತ್ತು. ರೋಗ ಕೊಡುವವನೂ ನಾನೇ, ಮದ್ದು ಕೊಡುವವನೂ ನಾನೇ!

ಆ ಹಾಡು ಆರೆಂಟರ (6/8) ತಾಳದಲ್ಲಿದೆ, ಅಂದರೆ ಒಂದು ಸುತ್ತಿಗೆ ಆರು ಏಟು. ನಾನು ಆರೂ ಏಟನ್ನು ಬಿಡದೆ ತೋರಿಸುತ್ತಿದ್ದೆ. ಒಂದೊಂದು ಏಟಿಗೂ ಹಾಡುವವರು ಒಂದೊಂದು ಸಣ್ಣ ಒತ್ತು ಕೊಡುತ್ತಾರೆ, ಸಾಲು ತುಂಡು ತುಂಡಾಗುತ್ತದೆ. ಎರಡೇ ಏಟಿಗೆ ಇಳಿಸಿದೆ. ತೊಟ್ಟಿಲು ತೂಗಿದ ಹಾಗೆ, ಅಷ್ಟೇ. 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಇದನ್ನು ಮೊದಲು ಹಾಡಿದಾಗ ಇದ್ದದ್ದು ಎರಡು ಗಂಡು ದನಿ, ಒಂದು ಗಿಟಾರ್, ಸಾಲಿನ ಕೊನೆಗೆ ದನಿಗೂಡಿಸುವ ಕ್ವಾಯರ್. ಇಷ್ಟು ಚಿಕ್ಕದಾಗಿ ಹುಟ್ಟಿದ ಹಾಡಿಗೆ ನನ್ನ ರೆಕ್ಕೆ ಬೇಕಿರಲಿಲ್ಲ.

ಕೈ ಚಿಕ್ಕದು ಮಾಡುವುದು ಸುಮ್ನೆ ಆಗುವ ಕೆಲಸವಲ್ಲ. ಮುಂದಿನ ರಿಹರ್ಸಲ್ಲಿನಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ‘ನಾನು ಉಸಿರು ಎಳೆದುಕೊಳ್ಳುತ್ತೇನೆ, ನೀವೂ ಎಳೆದುಕೊಳ್ಳಿ, ಆಮೇಲೆ ಹಾಡಿ’ ಅಂದೆ. ಮೊದಲ ಸಲ ಸೊಪ್ರಾನೊಗಿಂತ ಕೆಳದನಿಯ ಆಲ್ಟೊಗಳು ಮುಂಚೆ ಬಂದರು, ಎಲ್ಲರಿಗಿಂತ ತಗ್ಗಿನ ದನಿಯ ಬಾಸ್ ಸಾಲಿನವರು ನಕ್ಕುಬಿಟ್ಟರು. ಎರಡನೇ ಸಲ ಗಂಡಸರಲ್ಲಿ ಮೇಲ್ದನಿಯ ಟೆನರ್‌ಗಳು ಬರಲೇ ಇಲ್ಲ. ಐದಾರು ಸಲ ಆದ ಮೇಲೆ ಮೂವತ್ತು ಜನರ ಉಸಿರು ಒಟ್ಟಿಗೆ ಒಳಗೆ ಹೋದ ಸದ್ದು ಕೇಳಿಸಿತು. ಮೊದಲ ಸ್ವರ ಬಾಗಿಲು ತೆರೆದ ಹಾಗೆ ಬಂತು. ಮುಖ್ಯ ವಿಷಯ ಏನೆಂದರೆ, ಅವರು ನನ್ನನ್ನು ನೋಡುವುದು ಬಿಟ್ಟು ಪಕ್ಕದವರನ್ನು ಕೇಳತೊಡಗಿದ್ದರು.

ಆ ಒಂದು ಉಸಿರಿನಲ್ಲೇ ಎಲ್ಲ ಇದೆ. ಅದರ ವೇಗವೇ ಹಾಡಿನ ವೇಗ. ಆಳ ಎಷ್ಟೋ ದನಿ ಅಷ್ಟು. ನನ್ನ ಬಾಯಿ ‘ಓ’ ಆಕಾರಕ್ಕೆ ತೆರೆದಿದ್ದರೆ ಅವರ ಬಾಯಿಯೂ ಹಾಗೇ ತೆರೆಯುತ್ತದೆ. ನನ್ನ ಭುಜ ಎದ್ದರೆ ಮೂವತ್ತು ಭುಜ ಏಳುತ್ತವೆ, ಗಂಟಲು ಬಿಗಿಯುತ್ತದೆ. ಈಗ ಮೊಣಕೈ ಪಕ್ಕೆಯಿಂದ ದೂರ ಹೋಗಲು ಬಿಡುವುದಿಲ್ಲ, ಮಣಿಕಟ್ಟು ನಾಲ್ಕು ಬೆರಳಿನಷ್ಟು ಎತ್ತರ ಏರಿದರೆ ಜಾಸ್ತಿ. ಅವರ ಜೊತೆ ಪದಗಳಿಗೆ ಬಾಯಾಡಿಸುವುದನ್ನೂ ಬಿಟ್ಟೆ. ಇದು ಕಷ್ಟವಾಯಿತು, ಅದಕ್ಕೇ ಒಂದು ವರ್ಷ ಹಿಡಿಯಿತು.

ಸಾಲು ಮುಗಿಸುವುದು ಇನ್ನೂ ನಾಜೂಕು. ಆ ಹಾಡಿನಲ್ಲಿ ‘ಪೀಸ್’ ಅನ್ನುವ ಪದ ಸಾಲಿನ ಕೊನೆಗೆ ಬರುತ್ತದೆ. ಕೊನೆಯ ‘ಸ್’ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೇಳಿದರೆ ಹಾವಿನ ಹುತ್ತದ ಪಕ್ಕ ನಿಂತ ಹಾಗಿರುತ್ತದೆ. ಮೊದಲು ಗಾಳಿಯಲ್ಲಿ ದೊಡ್ಡ ಸುತ್ತು ಹಾಕಿ ಮುಷ್ಟಿ ಹಿಡಿಯುತ್ತಿದ್ದೆ. ಈಗ ಹೆಬ್ಬೆರಳು ತೋರುಬೆರಳಿಗೆ ತಾಗಿದರೆ ‘ಸ್’, ಅಷ್ಟೇ. ಉಪ್ಪು ಚಿಟಿಕೆ ಹಿಡಿದಷ್ಟು. ಅದೂ ಸಾಕಾಗುತ್ತದೆ.

ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ 1918ರಿಂದ ನಡೆದು ಬಂದ ಕ್ರಿಸ್‌ಮಸ್ ಈವ್ ಆರಾಧನೆಯನ್ನು ಕೇಳಿ ನೋಡಿ. ಶುರುವಾಗುವುದು ಒಬ್ಬ ಹುಡುಗನ ಒಂಟಿ ದನಿಯಿಂದ. ಆರ್ಗನ್ ಇಲ್ಲ, ಏನೂ ಇಲ್ಲ. ಯಾರು ಹಾಡಬೇಕು ಅನ್ನುವುದು ಹುಡುಗರಿಗೆ ಕೊನೇ ಗಳಿಗೆಯವರೆಗೆ ಗೊತ್ತಿರುವುದಿಲ್ಲ. ನಿರ್ದೇಶಕರು ಒಬ್ಬನಿಗೆ ಸನ್ನೆ ಮಾಡುತ್ತಾರೆ, ಅವನು ಮುಂದೆ ಬರುತ್ತಾನೆ. ಇಡೀ ಕಾರ್ಯಕ್ರಮದಲ್ಲಿ ಅದಕ್ಕಿಂತ ದೊಡ್ಡ ಸನ್ನೆ ಇಲ್ಲ ಅಂತ ನನಗನಿಸುತ್ತದೆ.

ಚಿಕ್ಕದಾಗಿ ಮಾಡಲು ಹೋಗಿ ಎಡವಿದ್ದೂ ಉಂಟು. ಒಂದು ಸಲ ಕೊನೆಯ ಹಾಡಿಗೆ ಸಭೆಯೆಲ್ಲ ಎದ್ದು ನಿಂತು ದನಿಗೂಡಿಸಬೇಕಿತ್ತು. ಆರ್ಗನ್ ನುಡಿಸುವವರು ಮೇಲೆ ದೂರದಲ್ಲಿ ಕೂತು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರು. ನನ್ನ ಚಿಟಿಕೆ ಅವರಿಗೆ ಕಾಣಲೇ ಇಲ್ಲ. ಅವರು ಕಾದರು, ಕ್ವಾಯರ್ ಹೊರಟುಬಿಟ್ಟಿತು. ಎರಡು ಸಾಲು ಪೂರ್ತಿ ರಸ್ತೆ ದಾಟಲಾಗದ ಮಂದೆಯ ಹಾಗಾಯಿತು. ಅಷ್ಟು ದೊಡ್ಡ ಕಟ್ಟಡದಲ್ಲಿ ಸದ್ದೂ ತಡವಾಗಿ ಬರುತ್ತದಲ್ವಾ, 34 ಮೀಟರ್ ದೂರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಕಿವಿ ನಂಬಿ ನುಡಿಸಿದರೆ ಹಿಂದೆ ಬಿದ್ದ ಹಾಗೆಯೇ. ಈಗ ಆ ಹಾಡುಗಳಿಗೆ ಶುರುವಿನ ಏಟು ಮಾತ್ರ ದೊಡ್ಡದಾಗಿ, ಸ್ಪಷ್ಟವಾಗಿ ಕೊಡುತ್ತೇನೆ. ಆಮೇಲೆ ಸಭೆಯನ್ನು ಆರ್ಗನ್ನೇ ನಡೆಸುತ್ತದೆ, ನಾನು ಕೈ ಇಳಿಸಿ ಅವರ ಜೊತೆ ಹಾಡುತ್ತೇನೆ.

ಹೋದ ಡಿಸೆಂಬರ್‌ನಲ್ಲಿ ಹಾಡು ಮುಗಿದ ಮೇಲೆ ಬಾಸ್ ಸಾಲಿನ ಹಿರಿಯರೊಬ್ಬರು ಬಂದು, ‘ಕೈ ಈಗ ಚೆನ್ನಾಗಿದೆ ಸರ್’ ಅಂದರು. ಖುಷಿಯಾಯಿತು. ‘ಹುಬ್ಬು ಮಾತ್ರ ಇನ್ನೂ ಕುಣೀತಾ ಇದೆ.’