ಬೆಡ್‌ಶೀಟಿನ ಹಿಂದೆ ಎರಡು ಆಂಪ್ಲಿಫೈಯರ್

ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮನೆಗೆ ಗೆಳೆಯರೊಬ್ಬರು ತಮ್ಮ ಹೊಸ ಆಂಪ್ಲಿಫೈಯರ್ ತಂದು, "ಒಂದು ವಾರ ಇಟಗೊಂಡು ಕೇಳ್ರಿ" ಅಂದು ಹೋದರು. ನನ್ನದು 20 ವರ್ಷ ಹಳೆಯದು. ಮೊದಲ ರಾತ್ರಿಯೇ ಹೊಸದಕ್ಕೆ ಮನಸೋತೆ. ಇಲ್ಲೇ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಎದುರಿಗೇ ಕೂತು ಹಾಡಿದಂತಿತ್ತು. ತಂಬೂರಿಯ ತಂತಿ ಒಂದೊಂದೂ ಬೇರೆ ಕೇಳುತ್ತಿತ್ತು. ಹಳೆಯದರಲ್ಲಿ ಎಲ್ಲಾ ಮಂಕು. ಅವತ್ತೇ ದುಡ್ಡಿನ ಲೆಕ್ಕ ಹಾಕಲು ಕೂತೆ.

ಮರುದಿನ ಸುಮ್ನೆ ನೋಡೋಣ ಅಂತ ಮಲ್ಟಿಮೀಟರ್ ತೆಗೆದೆ. ಫೋನಿನಿಂದ 1,000 ಹರ್ಟ್ಸ್‌ನ ಒಂದೇ ಸ್ವರ ಹಚ್ಚಿ, ಸ್ಪೀಕರಿನ ಎರಡು ತುದಿಗೆ ಮೀಟರ್ ಹಿಡಿದೆ. ಹಳೆಯದು 2.00 ಎಸಿ ವೋಲ್ಟ್, ಹೊಸದು 2.20. ಅಂದರೆ ಹೊಸದು ಸುಮಾರು 0.8 ಡೆಸಿಬೆಲ್ ಜೋರು. ಇಷ್ಟು ಸಣ್ಣ ಅಂತರ ಇದ್ದಾಗ ಜೋರಾಗಿದೆ ಅಂತ ಅನ್ನಿಸೋದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ನನ್ನ ಕಿವಿ ಮೆಚ್ಚಿದ್ದು ಇದನ್ನೇ ಇರಬಹುದು ಅಲ್ವಾ? ವಾಲ್ಯೂಮ್ ತಿರುಗಿಸಿ ತಿರುಗಿಸಿ ಎರಡನ್ನೂ 0.1 ಡೆಸಿಬೆಲ್ ಒಳಗೆ ತಂದೆ. ಒಂದು 2.00 ಇದ್ದರೆ ಇನ್ನೊಂದು 1.98ರಿಂದ 2.02ರ ನಡುವೆ ಇರಬೇಕು.

ಆಮೇಲೆ ಬೆಡ್‌ಶೀಟ್ ಕಟ್ಟಿ ಎರಡೂ ಆಂಪ್ಲಿಫೈಯರ್ ಮರೆ ಮಾಡಿದೆ. ಅಕ್ಕನ ಮಗ ಅದರ ಹಿಂದೆ ಕೂತು ನಾಣ್ಯ ಹಾರಿಸಿ ಛಾಪಾ-ಕಾಟಾ ಮಾಡಿ, ಯಾವುದು ಬಂತೋ ಅದನ್ನು ಹಚ್ಚಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅವನ ಮುಖ ನನಗೆ ಕಾಣಬಾರದು, ಅವನು ಮಾತೂ ಆಡಬಾರದು. ಮೊದಲ 8 ಸಲ ಎಂಟೂ ಸರಿ ಹೇಳಿದೆ! ಖುಷಿಯಾಗುವ ಮೊದಲೇ ಗೊತ್ತಾಯಿತು: ಹಳೆಯದಕ್ಕೆ ವೈರ್ ಸಿಕ್ಕಿಸುವಾಗ ಕ್ಲಿಪ್ಪು ಟಕ್ ಅನ್ನುತ್ತಿತ್ತು, ಹೊಸದಕ್ಕೆ ಸ್ಕ್ರೂ ತಿರುವಲು ಹೊತ್ತು ಹಿಡಿಯುತ್ತಿತ್ತು. ಆ ಎಂಟನ್ನೂ ಹೊಡೆದು ಹಾಕಿದೆ.

ಈ ಸುಳಿವು ಸಿಗಬಾರದು ಅಂತ, ಎರಡರಲ್ಲಿ ಒಂದನ್ನು ಸ್ಪೀಕರಿಗೆ ಜೋಡಿಸುವ, ನಡುವೆ ಆಫ್ ಇರುವ ಸೆಲೆಕ್ಟರ್ ಸ್ವಿಚ್ ತಂದೆ. ಇಲ್ಲಿ ಹುಷಾರು ಬೇಕು. ಎರಡು ಆಂಪ್ಲಿಫೈಯರಿನ ಔಟ್‌ಪುಟ್ ಒಂದು ಕ್ಷಣವೂ ಕೂಡಬಾರದು, ಕೂಡಿದರೆ ಸುಟ್ಟು ಹೋಗಬಹುದು. ಒಂದನ್ನು ಪೂರ್ತಿ ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯುವ ಸ್ವಿಚ್ ಇರಬೇಕು. ಪ್ರತಿ ಸಲ ಹುಡುಗ ಅದನ್ನು ಎರಡೂ ಕಡೆ ತಿರುಗಿಸಿ ಆಮೇಲೆ ಒಂದು ಕಡೆ ನಿಲ್ಲಿಸಿದ.

16 ಸಲದಲ್ಲಿ 9 ಸರಿ. ಸುಮ್ನೆ ಊಹಿಸಿದರೂ ಸುಮಾರು 8 ಬರುತ್ತದೆ. 12 ಬಂದಿದ್ದರೆ ನಂಬುತ್ತಿದ್ದೆ, ಯಾಕಂದರೆ ಬರೀ ಊಹೆಯಿಂದ ಅಷ್ಟು ಅಥವಾ ಜಾಸ್ತಿ ಬರೋದು ನೂರಕ್ಕೆ 4 ಸಲವೂ ಇಲ್ಲ.

ಸ್ಪೀಕರ್ ಮಾತು ಬೇರೆ. ತೆಳು ಬಟ್ಟೆಯ ಹಿಂದೆ ಎರಡು ಜೋಡಿ ಇಟ್ಟು ಕೇಳಿದರೆ ಕೂಡಲೇ ಗೊತ್ತಾಯಿತು. ಹಾಗಂತ ಅಲ್ಲೂ ಕಣ್ಣು ಸುಮ್ಮನಿರೋದಿಲ್ಲ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ತೋರಿಸಿದ್ದು ಇದನ್ನೇ: ಸ್ಪೀಕರ್ ಕಾಣುವಾಗ ಕೊಟ್ಟ ಅಂಕ, ಕಾಣದಾಗ ಬದಲಾಯಿತು.

ವಾರ ಕಳೆದು ಗೆಳೆಯರು ಬಂದರು. ನನ್ನ ಲೆಕ್ಕ ನಂಬಲಿಲ್ಲ. ಅದೇ ಬೆಡ್‌ಶೀಟಿನ ಮುಂದೆ ಕೂಡಿಸಿದೆ. 16ರಲ್ಲಿ ಅವರಿಗೆ 7 ಬಂತು. ನೋಟ್‌ಬುಕ್ ಇಸಿದುಕೊಂಡು ಎರಡು ಸಲ ತಾಳೆ ನೋಡಿ, "ಇನ್ನೊಮ್ಮೆ ಹಚ್ಚೋ ತಮ್ಮಾ" ಅಂದರು.