ಅಕ್ಕಿ ಬೇಡ, ಪಾಸ್‌ಪೋರ್ಟ್ ಒಣಗಿಸಿ ಕೊಡಿ

ಹಡಗಿನಲ್ಲಿ ಕೆಲಸ ಮಾಡುವವರ ಮನೆಗೆ ನೆರೆ ನುಗ್ಗಿದರೆ ಊರಿನಲ್ಲಿ ಯಾರೂ ಅಯ್ಯೋ ಅನ್ನುವುದಿಲ್ಲ. ‘ಅವರಿಗೆಂತ ಮಾರಾಯ, ಡಾಲರ್ ಬರುತ್ತೆ’ ಅನ್ನುತ್ತಾರೆ. ಡಾಲರ್ ಬರುವುದು ಹಡಗಿನಲ್ಲಿ ಇದ್ದಷ್ಟು ದಿನ ಮಾತ್ರ, ಕಾಂಟ್ರ್ಯಾಕ್ಟ್ ಮುಗಿದು ಮನೆಯಲ್ಲಿ ಕೂತರೆ ಸೊನ್ನೆ ಅಂತ ನಿಮಗೆ ಹೇಳಬೇಕಿಲ್ಲ. ನಾನೂ ಹನ್ನೊಂದು ವರ್ಷ ಕ್ರೂಸ್ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚಿದವನೇ. ಈಗ ತೀರ್ಥಹಳ್ಳಿ ಹತ್ತಿರ ಒಂದಿಷ್ಟು ಅಡಿಕೆ ತೋಟ, ಮದುವೆ ಸೀಸನ್ನಿನಲ್ಲಿ ಅಡುಗೆ ಕಾಂಟ್ರ್ಯಾಕ್ಟ್.

ನೆರೆ ಬಂದಾಗ ಹಡಗಿನವರಿಗೆ ಅಕ್ಕಿ, ಬಟ್ಟೆ ಬಿಟ್ಟು ಮತ್ತೆ ಹಡಗು ಹತ್ತಲು ಬೇಕಾದ ಕಾಗದ ಮಾಡಿಸಿಕೊಡುವ ನನ್ನ ದಾರಿ ನೋಡಿ ನಕ್ಕವರು ಬಹಳ ಜನ. ಈಗ ಅವರೇ ಫೋನ್ ಮಾಡಿ ‘ಹೇಗೆ ಮಾಡಿದೆ, ಹೇಳು’ ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ನಾನು ಊರಿಗೆ ಬಂದು ವರ್ಷವಾಗಿತ್ತು. ನನ್ನ ಜೊತೆ ಒಂದೇ ಕ್ಯಾಬಿನ್‌ನಲ್ಲಿದ್ದ ಹುಡುಗನ ಮನೆ ಮುಕ್ಕೋಡ್ಲು ಕಡೆ. ಒಂದು ಪಿಕಪ್ ಬಾಡಿಗೆಗೆ ಹಿಡಿದೆವು. ಅಕ್ಕಿ, ಕಂಬಳಿ, ಬ್ರೆಡ್ಡು, ಹಳೇ ಬಟ್ಟೆ ತುಂಬಿಕೊಂಡು ಮಡಿಕೇರಿಗೆ ಹೋದೆವು. ಡೀಸೆಲ್, ಬಾಡಿಗೆ, ಊಟ ಸೇರಿ ಹದಿನಾಲ್ಕು ಸಾವಿರ ಹೋಯಿತು. ಅಲ್ಲಿ ನೋಡಿದರೆ ಬಟ್ಟೆಯ ರಾಶಿ ಆಗಲೇ ಆಳೆತ್ತರ. ನಮ್ಮ ಬ್ರೆಡ್ಡಿಗೆ ದಾರಿಯಲ್ಲೇ ಬೂಷ್ಟು ಬಂದಿತ್ತು. ನಾವು ಹುಡುಕಿಕೊಂಡು ಹೋದ ಮನೆಯವರು ಪರಿಹಾರ ಕೇಂದ್ರದಲ್ಲಿ ಇರಲೇ ಇಲ್ಲ. ಹಾಸನದಲ್ಲಿ ನೆಂಟರ ಮನೆಯಲ್ಲಿದ್ದರು. ಕೇಂದ್ರದಲ್ಲಿ ಇಲ್ಲದವರು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ನೀರು ನಮ್ಮ ಬಾಗಿಲಿಗೇ ಬಂತು. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿರುವ ಮಂಟಪ ಮುಳುಗಿತು ಅಂದರೆ ತಗ್ಗಿನ ಬಡಾವಣೆಯವರು ಸಾಮಾನು ಕಟ್ಟಬೇಕು. ಆ ಸಲ ಕಟ್ಟುವಷ್ಟು ಪುರುಸೊತ್ತೂ ಸಿಗಲಿಲ್ಲ. ನನಗೆ ಗೊತ್ತಿದ್ದ ಹಡಗಿನ ಮನೆಗಳು ಆರು: ಶಿವಮೊಗ್ಗದಲ್ಲಿ ಎರಡು, ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಒಂದೊಂದು, ಮೂಡಿಗೆರೆ ಕಡೆ ಒಂದು.

ಈ ಸಲ ಸಾಮಾನು ಬೇಡ, ದುಡ್ಡೇ ಹಾಕೋಣ ಅಂದೆ. ಅದೂ ಕೈಕೊಟ್ಟಿತು. ಒಬ್ಬಳ ಖಾತೆಗೆ ಒಂದೇ ಸಲ ಅರವತ್ತು ಸಾವಿರ ಹಾಕಿದೆ, ಹೋಗಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಅದು ಪೂರ್ತಿ ಕೆವೈಸಿ ಆಗದ ಸಣ್ಣ ಖಾತೆ, ಐವತ್ತು ಸಾವಿರಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಇನ್ನೊಂದು ಮನೆಯಲ್ಲಿ ದುಡ್ಡೇನೋ ಇತ್ತು, ಆದರೆ ಗಂಡನ ಎನ್‌ಆರ್‌ಇ ಖಾತೆಯಲ್ಲಿ, ಅಂದರೆ ಹೊರದೇಶದಲ್ಲಿ ದುಡಿಯುವವರ ಖಾತೆಯಲ್ಲಿ. ಗಂಡ ಅಲಾಸ್ಕಾದಲ್ಲಿ. ಹೆಂಡತಿಯ ಹೆಸರನ್ನು ‘ಫಾರ್ಮರ್ ಆರ್ ಸರ್ವೈವರ್’ ಅಂತ ಸೇರಿಸಿದ್ದ, ಅಷ್ಟು ಸಾಕು ಅಂದುಕೊಂಡಿದ್ದ. ಹಾಗೆ ಸೇರಿಸಿದರೆ ಗಂಡ ಇರುವವರೆಗೆ ಹೆಂಡತಿ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ತನ್ನ ಪರವಾಗಿ ವ್ಯವಹಾರ ಮಾಡಲು ಗಂಡ ಪವರ್ ಆಫ್ ಅಟಾರ್ನಿ ಕೊಟ್ಟಿರಬೇಕು. ಎಟಿಎಂ ಕಾರ್ಡು ತುಂಗೆಯ ಪಾಲಾಗಿತ್ತು. ಪಾಪ ಆ ಅತ್ತಿಗೆ ಖಾತೆಯಲ್ಲಿ ಲಕ್ಷಗಟ್ಟಲೆ ಇಟ್ಟುಕೊಂಡು ಪಕ್ಕದ ಮನೆಯಲ್ಲಿ ಹಾಲಿಗೆ ಸಾಲ ಹೇಳುತ್ತಿದ್ದರು. ಈ ಒಂದು ವಿಷಯವನ್ನಾದರೂ ಇವತ್ತೇ ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ.

ಸರ್ಕಾರದವರು ತಕ್ಷಣಕ್ಕೆ ಹತ್ತು ಸಾವಿರ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಅಂದರು. ಅದು ಬರುವವರಿಗೆ ಬಂತು. ನನ್ನ ತಲೆಯಲ್ಲಿದ್ದದ್ದು ಬೇರೆ ಲೆಕ್ಕ.

ಆ ಲೆಕ್ಕ ಹುಟ್ಟಿದ್ದು 2013ರಲ್ಲಿ. ನವೆಂಬರ್ 8ಕ್ಕೆ ಫಿಲಿಪ್ಪೀನ್ಸ್‌ಗೆ ಹೈಯಾನ್ ಚಂಡಮಾರುತ ಬಡಿಯಿತು. ಅವರು ಅದನ್ನು ಯೋಲಾಂಡಾ ಅನ್ನುತ್ತಾರೆ. ನಾವು ಕೆರಿಬಿಯನ್‌ನಲ್ಲಿದ್ದೆವು. ಗ್ಯಾಲಿಯಲ್ಲಿ ಅರ್ಧಕ್ಕರ್ಧ ಅವರೇ. ಟಾಕ್ಲೋಬಾನ್ ಕಡೆಯವರಿಗೆ ನಾಲ್ಕೈದು ದಿನ ಮನೆಯ ಸುದ್ದಿಯೇ ಸಿಗಲಿಲ್ಲ. ಕ್ರೂ ಮೆಸ್‌ನಲ್ಲಿ ಮಯೋನೀಸಿನ ಖಾಲಿ ಬಕೆಟ್ ಇಟ್ಟು ದುಡ್ಡು ಎತ್ತಿದೆವು. ಪ್ರಯಾಣಿಕರೂ ಕೊಟ್ಟರು. ಬಕೆಟ್ ಕೈಗಿಟ್ಟಾಗ ಲೇಯ್ಟೆ ದ್ವೀಪದ ಒಬ್ಬ ಅಡುಗೆಯವನು ಅಂದ: ಅಕ್ಕಿ ಯಾರಾದರೂ ಕೊಡುತ್ತಾರೆ ಅಣ್ಣ, ನನ್ನ ಕಾಂಟ್ರ್ಯಾಕ್ಟ್ ಎರಡು ತಿಂಗಳು ಮುಂದುವರಿಸೋಕೆ ಶೆಫ್ ಹತ್ತಿರ ಹೇಳು. ಮನೆ ಕಟ್ಟೋದು ನನ್ನ ಸಂಬಳ, ಈ ಬಕೆಟ್ ಅಲ್ಲ.

ಆರು ವರ್ಷ ಬಿಟ್ಟು ಆ ಮಾತು ನೆನಪಾಯಿತು. ಆರು ಮನೆಗಳಲ್ಲಿ ಐದು ಮನೆಯ ಗಂಡಸರು ರಜೆಯಲ್ಲಿದ್ದರು. ಅಲಾಸ್ಕಾದವನೂ ಸುದ್ದಿ ಕೇಳಿ ಅರ್ಧಕ್ಕೆ ಸೈನ್ ಆಫ್ ಮಾಡಿ, ಅಂದರೆ ಹಡಗು ಇಳಿದು, ಓಡಿ ಬಂದ, ಕೆಲವು ಕಾಗದ ಮನೆಯಲ್ಲೇ ಬಿಟ್ಟು ಹೋಗಿದ್ದ. ಎಲ್ಲರ ಪಾಸ್‌ಪೋರ್ಟೋ, ಸಿಡಿಸಿ ಅನ್ನುವ ನಾವಿಕರ ಪುಸ್ತಕವೋ, ಎಸ್‌ಟಿಸಿಡಬ್ಲ್ಯೂ ಅನ್ನುವ ಹಡಗಿನ ತರಬೇತಿ ಸರ್ಟಿಫಿಕೇಟೋ, ಹಳದಿ ಜ್ವರದ ಲಸಿಕೆಯ ಯೆಲ್ಲೋ ಕಾರ್ಡೋ ಏನಾದರೊಂದು ಒದ್ದೆ, ಇಲ್ಲವೇ ಮಾಯ. ಅದಿಲ್ಲದೆ ಮತ್ತೆ ಹಡಗು ಹತ್ತುವಂತಿಲ್ಲ. ಹತ್ತಿದರೆ ತಿಂಗಳಿಗೆ ಎಂಟುನೂರು ಡಾಲರ್ ಆಸುಪಾಸು. ಕಾಗದಕ್ಕೆ ಬೇಕಾದ್ದು ತಲೆಗೆ ಮೂವತ್ತು ಸಾವಿರ. ಹಾಗಾಗಿ ಎತ್ತಿದ ದುಡ್ಡೆಲ್ಲ ಕಾಗದಕ್ಕೇ ಅಂತ ತೀರ್ಮಾನ ಮಾಡಿದೆ.

ಬೈಸಿಕೊಂಡೆ. ‘ಮನೆಯಲ್ಲಿ ಮೊಣಕಾಲುದ್ದ ಕೆಸರು, ನೀನು ಕಾಗದ ಮಾಡಿಸ್ತೀಯಾ?’ ಅಂತ ಹಳೇ ಬಾಸ್ ಒಬ್ಬರು ಕೇಳಿದರು. ಇಬ್ಬರು ಕೊಟ್ಟ ದುಡ್ಡು ವಾಪಸ್ ಕೇಳಿದರು, ಕೊಟ್ಟುಬಿಟ್ಟೆ. ಕೊನೆಗೆ ಉಳಿದದ್ದು ಇಪ್ಪತ್ತಮೂರು ಜನ, ಒಂದು ಲಕ್ಷ ಎಂಬತ್ತು ಸಾವಿರದ ಹತ್ತಿರ. ಎಲ್ಲರೂ ನಮ್ಮವರೇ, ಹಡಗು ಕಂಡವರು. ಹಡಗಿನವರ ಹತ್ತಿರ ಯಾವ ದಿನ ದುಡ್ಡು ಕೇಳಬೇಕು ಅನ್ನುವುದಕ್ಕೆ ಒಂದು ಗುಟ್ಟಿದೆ. ಅದನ್ನು ಹೇಳಲ್ಲ, ಹೇಳಿದರೆ ಎಲ್ಲರೂ ಅದೇ ದಿನ ಕೇಳುತ್ತೀರಿ.

ಫಿಲಿಪ್ಪೀನ್ಸ್ ಗೆಳೆಯರು ‘ಅವತ್ತು ನೀವು ಕೊಟ್ಟಿರಿ, ಇವತ್ತು ನಾವು’ ಅಂತ ಮುನ್ನೂರು ಡಾಲರ್ ಕೂಡಿಸಿದ್ದರು. ಬೇಡ ಅಂದೆ. ವಿದೇಶಿಯರ ದೇಣಿಗೆ ಅಂದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯ ಕಾನೂನು ಅಡ್ಡ ಬರುತ್ತದೆ, ನಮ್ಮಂಥವರಿಗೆ ಅದು ಸಲ್ಲ. ಭಾರತದ ಪಾಸ್‌ಪೋರ್ಟ್ ಇರುವವನು ಹೊರಗೆ ದುಡಿದ ಸ್ವಂತ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಆ ತೊಂದರೆ ಇಲ್ಲ. ಒಬ್ಬ ಜಾಣ ಇನ್ನೊಂದು ದಾರಿ ಹೇಳಿದ: ಹಡಗಿನಲ್ಲಿ ಅವರು ನಿಮ್ಮವನ ಕೈಗೆ ಡಾಲರ್ ಕೊಡಲಿ, ಇಲ್ಲಿ ನಿಮ್ಮವನ ಮನೆಯವರು ನಿನಗೆ ರೂಪಾಯಿ ಕೊಡಲಿ. ಬ್ಯಾಂಕ್ ಮ್ಯಾನೇಜರ್ ಹತ್ತಿರ ಸುಮ್ನೆ ಕೇಳಿದೆ. ‘ಇದಕ್ಕೇ ಮಾರಾಯ್ರೇ ಹವಾಲಾ ಅನ್ನೋದು’ ಅಂದರು. ಅಲ್ಲಿಗೆ ಬಿಟ್ಟೆ.

ಈಗ ಒದ್ದೆ ಕಾಗದದ ವಿಷಯ. ಇದರಲ್ಲಿ ನಾನು ಮಾಡಿದಷ್ಟು ಪ್ರಯೋಗ ಯಾರೂ ಮಾಡಿರಲಿಕ್ಕಿಲ್ಲ. ಮೊದಲ ಪಾಸ್‌ಪೋರ್ಟನ್ನು ಅಡಿಕೆ ಡ್ರೈಯರ್‌ಗೆ ಹಾಕಿದೆ. ನಗಬೇಡಿ, ಮಳೆಗಾಲದಲ್ಲಿ ನಮ್ಮಲ್ಲಿ ಬೇರೆ ಯಾವ ಬಿಸಿಲಿದೆ? ಫೋಟೋ ಇದ್ದ ಹಾಳೆ ಹಪ್ಪಳದ ಹಾಗೆ ಸುರುಟಿತು. ಆ ಹುಡುಗ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ. ಎರಡನೆಯದಕ್ಕೆ ಹಾಳೆ ನಡುವೆ ದಿನಪತ್ರಿಕೆ ಇಟ್ಟೆ, ಪತ್ರಿಕೆಯ ಮಸಿ ವೀಸಾದ ಮೇಲೆ ಮೂಡಿತು. ಆಮೇಲೆ ಬೇಕರಿ ಗೆಳೆಯನ ಐಸ್‌ಕ್ರೀಮ್ ಫ್ರೀಜರ್. ಒದ್ದೆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಆರೂ ಮನೆಯ ಕಾಗದ ಅಲ್ಲೇ ಇಟ್ಟು, ದಿನಕ್ಕೆ ಒಬ್ಬರದು ತೆಗೆದು, ಖಾಲಿ ಬಿಳಿ ಹಾಳೆ ನಡುವೆ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಿದೆ. ಇಂಕ್‌ಜೆಟ್ ಪ್ರಿಂಟು ಕಲಸಿಹೋಯಿತು, ಲೇಸರ್ ಪ್ರಿಂಟು ಜಗ್ಗಲಿಲ್ಲ.

ಹಾಳಾದ ಪಾಸ್‌ಪೋರ್ಟ್ ಹೇಗೂ ಬದಲಾಗಬೇಕು, ಒಣಗಿಸಿ ಏನುಪಯೋಗ ಅಂತೀರಾ? ನಂಬರ್, ಹೆಸರು ಓದಲು ಬಂದು, ಫೋಟೋ ಸರಿಯಿದ್ದರೆ ಅದನ್ನು ಸ್ವಲ್ಪ ಮಾತ್ರ ಹಾಳಾದದ್ದು ಅಂತ ತೆಗೆದುಕೊಳ್ಳುತ್ತಾರೆ. ಕಳೆದುಹೋಗಿದೆ ಅಂದರೆ ಪೊಲೀಸ್ ದೂರು, ಅಲೆದಾಟ ಎಲ್ಲ ಶುರು. ಫೀಸು ಎರಡಕ್ಕೂ ಮೂರು ಸಾವಿರವೇ. ಉಳಿಯುವುದು ದಿನಗಳು.

ಪಾಸ್‌ಪೋರ್ಟ್ ಹೋದರೆ ಅದರ ಜೊತೆ ಸಿ1/ಡಿ, ಅಂದರೆ ಹಡಗಿನ ಕೆಲಸದವರ ಅಮೆರಿಕ ವೀಸಾನೂ ಹೋದ ಹಾಗೆ. ಆಗ ಅದಕ್ಕೆ 160 ಡಾಲರ್, ಹನ್ನೊಂದೂವರೆ ಸಾವಿರದ ಹತ್ತಿರ. 2023ರಿಂದ 185. ಬೆರಳಚ್ಚು, ಸಂದರ್ಶನ ಎರಡೂ ಚೆನ್ನೈಯಲ್ಲಿ, ಓಡಾಟಕ್ಕೆ ನಾಲ್ಕು ಸಾವಿರ. ಮೆಡಿಕಲ್‌ಗೆ ಐದಾರು ಸಾವಿರ. ಉಳಿದದ್ದು ಸಿಡಿಸಿಗೆ, ಅದನ್ನು ಮಾಡಿಸುವ ಮುಂಬೈ ಕೆಲಸಕ್ಕೆ. ಇಂಡೋಸ್ ನಂಬರ್, ಅಂದರೆ ನಾವಿಕರ ಸರ್ಕಾರಿ ಪಟ್ಟಿಯಲ್ಲಿರುವ ನಂಬರ್, ಒಂದು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ. ಮುಂಬೈಯಲ್ಲಿ ಯಾರ ಕೈಯಲ್ಲಿ ಮಾಡಿಸಿದೆ ಅಂತ ಮಾತ್ರ ಕೇಳಬೇಡಿ.

ಇಲ್ಲೊಂದು ಜಗಳ ಆಯಿತು. ಎಂಎಲ್‌ಸಿ 2006 ಅನ್ನುವ, ಹಡಗಿನ ಕೆಲಸಗಾರರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪಾಸ್‌ಪೋರ್ಟ್, ಸಿಡಿಸಿ, ಮೆಡಿಕಲ್ ಖರ್ಚು ನಮ್ಮದು. ವೀಸಾ ಖರ್ಚು ಹಡಗಿನ ಮಾಲೀಕರದ್ದು. ಭಾರತ 2015ರಲ್ಲಿ ಇದಕ್ಕೆ ಒಪ್ಪಿ ಸಹಿ ಹಾಕಿದೆ. ಒಬ್ಬ ಏಜೆಂಟ್ ಮಾತ್ರ ‘ನೆರೆ ಬಂದದ್ದಕ್ಕೆ ಕಂಪನಿ ಎಂತ ಮಾಡುತ್ತೆ’ ಅಂತ ಗದರಿದ. ನಾನು ನಿಯಮದ ಸಾಲು ಎತ್ತಿ ಹಾಕಿ ಕಂಪನಿಗೇ ಈಮೇಲ್ ಬರೆಸಿದೆ. ಆರರಲ್ಲಿ ನಾಲ್ವರಿಗೆ ಹಡಗು ಹತ್ತಿದ ಮೇಲೆ ವೀಸಾ ದುಡ್ಡು ವಾಪಸ್ ಸಿಕ್ಕಿತು. ಮೆಟ್ರಿಕ್ ಫೇಲಾದವನು ಬರೆಸಿದ ಪತ್ರಕ್ಕೆ!

ನವೆಂಬರ್‌ನಿಂದ ಜನವರಿಯೊಳಗೆ ಆರೂ ಜನ ಹಡಗು ಹತ್ತಿದರು. ನಾನು ಬೀಗಿದೆ, ಸುಳ್ಳು ಹೇಳಲ್ಲ. ಬೀಗಿ ಎರಡು ತಿಂಗಳಾಗಿಲ್ಲ, 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಲೋಕದ ಕ್ರೂಸ್ ಹಡಗುಗಳೆಲ್ಲ ನಿಂತುಬಿಟ್ಟವು. ಆರೂ ಜನ ವಾಪಸ್. ಹಳೇ ಬಾಸ್ ಫೋನ್ ಮಾಡಿ ‘ಅಕ್ಕಿ ಕೊಟ್ಟಿದ್ದರೆ ಹೊಟ್ಟೆಗಾದರೂ ಆಗುತ್ತಿತ್ತು’ ಅಂದರು. ಉತ್ತರ ಕೊಡಲಿಲ್ಲ. ಒಂದೂವರೆ ವರ್ಷ ಒಬ್ಬ ಗಾರೆ ಕೆಲಸಕ್ಕೆ, ಒಬ್ಬ ಆಟೋಗೆ, ಇಬ್ಬರು ನನ್ನ ಜೊತೆ ಅಡುಗೆಗೆ. 2021ರ ಕೊನೆಗೆ ಕರೆ ಶುರುವಾದಾಗ, ಕಾಗದ ಸಿದ್ಧ ಇದ್ದವರಿಗೆ ಮೊದಲು ಕರೆ ಬಂತು. ನಮ್ಮ ಐವರು ಮೊದಲ ಸುತ್ತಿನಲ್ಲೇ ಹೋದರು. ಆರನೆಯವನು ಆಟೋನೇ ಸಾಕು ಅಂದ. ಆ ಬಾಸ್ ಆಮೇಲೆ ಫೋನ್ ಮಾಡಲಿಲ್ಲ, ಐದು ಸಾವಿರ ಹಾಕಿದರು.

ದುಡ್ಡು ಕೊಡುವಾಗ ಪತ್ರ, ಬಡ್ಡಿ ಏನೂ ಇಟ್ಟಿರಲಿಲ್ಲ. ಮುಯ್ಯಾಳು ಲೆಕ್ಕ ಅಂದಿದ್ದೆ. ನಮ್ಮ ತೋಟದ ಕೆಲಸಕ್ಕೆ ನೀನು ಬಂದರೆ ನಿನ್ನ ತೋಟಕ್ಕೆ ನಾನು. ಒಂದೇ ವ್ಯತ್ಯಾಸ, ಇಲ್ಲಿ ಕೊಟ್ಟವನಿಗೆ ತೀರಿಸುವುದಲ್ಲ, ಮುಂದೆ ಯಾರ ಮನೆಗೆ ನೀರು ನುಗ್ಗುತ್ತದೋ ಅವನಿಗೆ. 2023ರ ಹೊತ್ತಿಗೆ ಒಂದು ಲಕ್ಷ ಹತ್ತು ಸಾವಿರ ಸುಮಾರು ತಿರುಗಿ ಬಂದಿತ್ತು. 2024ರ ಜುಲೈ 30ಕ್ಕೆ ವಯನಾಡಿನಲ್ಲಿ ಗುಡ್ಡ ಕುಸಿದಾಗ ಮೇಪ್ಪಾಡಿ ಕಡೆಯ ಒಬ್ಬ ಬೇಕರ್‌ಗೆ ಅದರಲ್ಲೇ ಮೂವತ್ತೆಂಟು ಸಾವಿರ ಹೋಯಿತು. ಈ ಸಲ ಡ್ರೈಯರ್ ಇಲ್ಲ, ನೇರ ಫ್ರೀಜರ್. ಏಳೆಂಟು ವಾರಕ್ಕೆ ಅವನು ಬಾರ್ಸಿಲೋನಾದಲ್ಲಿ ಹಡಗು ಹತ್ತಿದ.

ಈಗ ಎಪ್ಪತ್ತು ಸಾವಿರದ ಚಿಲ್ಲರೆ ಇದೆ. ಮಳೆಗಾಲಕ್ಕೆ ಮುಂಚೆ ಎಲ್ಲ ಹಡಗಿನ ಮನೆಗಳಿಗೂ ಬಿಗಿ ಮುಚ್ಚಳದ ಒಂದೊಂದು ಡಬ್ಬ ಕೊಡಿಸಿ, ಕಾಗದ ಹಾಕಿಸಿ ಅಟ್ಟದ ಕೊಂಡಿಗೆ ನೇತುಹಾಕಿಸಿದ್ದೇನೆ. ಡಬ್ಬಕ್ಕೆ ಒಂಬೈನೂರು ಕೊಟ್ಟದ್ದು ದುಬಾರಿಯಾಯಿತು ಅಂತ ದಾನಿಯೊಬ್ಬರು ಇನ್ನೂ ಗೊಣಗುತ್ತಿದ್ದಾರೆ. ಅವರ ಮನೆಯಲ್ಲೂ ಒಂದು ನೇತಾಡುತ್ತಿದೆ.