ಕಡಲ ಪ್ಲವಕಕ್ಕೆ ಬಿಸಿಯೂ ಆಮ್ಲವೂ ತಾಗಿದರೆ: ಬಾಟಲಿ ಪ್ರಯೋಗ ಹೂಡುವ ಬಗೆ

ಕೈಗಾರಿಕಾ ಯುಗ ಶುರುವಾದಾಗಿನಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಸಾಗರದ ಮೇಲ್ಪದರದ ಪಿಎಚ್ (ಇಳಿದಷ್ಟೂ ಆಮ್ಲೀಯ) ಸರಾಸರಿ 8.2ರಿಂದ 8.1ರ ಆಸುಪಾಸಿಗೆ ಇಳಿದಿದೆ. ಇಷ್ಟೇ ತಾನೆ ಎನ್ನುವಂತಿಲ್ಲ. ಪಿಎಚ್ ಲಘುಗಣಕದ ಅಳತೆ, ಆ 0.1ರಲ್ಲಿ ಹೈಡ್ರೋಜನ್ ಅಯಾನುಗಳು ಶೇ 25ಕ್ಕೂ ಹೆಚ್ಚಾಗಿವೆ. ಜೊತೆಗೆ ನೀರೂ ಬಿಸಿಯೇರುತ್ತಿದೆ. ಪ್ಲವಕಗಳಿಗೆ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳಿಗೆ, ಯಾವುದರ ಪೆಟ್ಟು ಎಷ್ಟು ಎಂದು ಬಿಡಿಸಿ ನೋಡಲು ನಾಲ್ಕು ಬಗೆಯ ಬಾಟಲಿ ಬೇಕು: ಇದ್ದ ಹಾಗೇ ಬಿಟ್ಟದ್ದು, 3 ಡಿಗ್ರಿ ಬಿಸಿ ಮಾಡಿದ್ದು, ಇಂಗಾಲದ ಡೈಆಕ್ಸೈಡ್ ಏರಿಸಿದ್ದು, ಎರಡನ್ನೂ ಮಾಡಿದ್ದು. ಕಾರವಾರ ಅಥವಾ ಮಂಗಳೂರಿನ ಕರಾವಳಿ ನೀರಿನಲ್ಲಿ ಇದನ್ನು ಮಾಡುವ ಕ್ರಮ ಇಲ್ಲಿದೆ.

ನೀರು ತರಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಾಳಿ, ನೇತ್ರಾವತಿಯ ಸಿಹಿನೀರು ಸೇರಿ ಲವಣಾಂಶವೂ ಕ್ಷಾರೀಯತೆಯೂ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ) ಕುಸಿಯುತ್ತವೆ. ಮಳೆಗಾಲದ ಕೊನೆಗೆ ಆಳದಿಂದ ಉಕ್ಕಿಬರುವ ನೀರಿನಲ್ಲಿ ಆಮ್ಲಜನಕವೂ ಪಿಎಚ್ಚೂ ಕಡಿಮೆ. ಹಾಗಾಗಿ ನಿಮ್ಮ ನೀರಿನ ಪಿಎಚ್ 8.1 ಎಂದು ಮೊದಲೇ ಬರೆದುಕೊಳ್ಳಬೇಡಿ, ಅಳೆಯಿರಿ. ಅಳಿವೆಯಿಂದ ದೂರ, ಉಬ್ಬರದ ಹೊತ್ತಿಗೆ, 50 ಲೀಟರ್ ತನ್ನಿ.

ನೀರನ್ನು 200 ಮೈಕ್ರಾನ್ ಬಲೆಯಲ್ಲಿ ಸೋಸಿ. ಒಂದು ಲೀಟರಿನ ಬಾಟಲಿಗೆ ಎರಡು ದೊಡ್ಡ ಕೊಪೆಪಾಡ್ (ಸಿಗಡಿ ಬಳಗದ ಪುಟ್ಟ ಜೀವಿ) ಹೆಚ್ಚಾಗಿ ಬಿದ್ದರೂ ಅವು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳನ್ನು ಮೇಯ್ದು ಲೆಕ್ಕ ಕೆಡಿಸುತ್ತವೆ. ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಚೆನ್ನಾಗಿ ತೊಳೆದ ಪಾಲಿಕಾರ್ಬೊನೇಟ್ ಬಾಟಲಿ, ಒಂದು ಲೀಟರಿನವು, 36 ಬೇಕು: ನಾಲ್ಕು ಬಗೆ, ಬಗೆಗೆ ಮೂರು, 1, 3 ಮತ್ತು 5ನೇ ದಿನಕ್ಕೆ ಪ್ರತ್ಯೇಕ. ಒಂದೇ ಬಾಟಲಿಯನ್ನು ದಿನಾ ತೆರೆದರೆ ಖಾಲಿಯಾದ ಜಾಗಕ್ಕೆ ಗಾಳಿ ಸೇರಿ, ನೀವು ಕರಗಿಸಿದ ಅನಿಲ ಹಾರಿಹೋಗುತ್ತದೆ. ತುಂಬುವಾಗ ಡ್ರಮ್ಮನ್ನು ಮೆಲ್ಲಗೆ ಕಲಕುತ್ತಿರಿ, ನಾಲ್ಕೂ ಬಗೆಗೆ ಸರದಿಯಂತೆ ಸುರಿಯಿರಿ. ಪ್ಲವಕ ತಳಕ್ಕಿಳಿಯುವುದರಿಂದ ಮೊದಲ ಒಂಬತ್ತಕ್ಕೂ ಕೊನೆಯ ಒಂಬತ್ತಕ್ಕೂ ಒಂದೇ ಪಾಲು ಸಿಗುವುದಿಲ್ಲ.

ಹೆಚ್ಚಿನವರು ಎಡವುವುದು ಆಮ್ಲದ ಹಂತದಲ್ಲಿ. ಬರೀ ಆಮ್ಲ ಹಾಕಿದರೆ ಪಿಎಚ್ ಇಳಿಯುತ್ತದೆ ನಿಜ, ಆದರೆ ಒಟ್ಟು ಕ್ಷಾರೀಯತೆಯೂ ಇಳಿಯುತ್ತದೆ. ಕಡಲಿನಲ್ಲಿ ಆಗುತ್ತಿರುವುದು ಅದಲ್ಲ: ಕ್ಷಾರೀಯತೆ ಹಾಗೇ ಉಳಿದು ಕರಗಿದ ಇಂಗಾಲ ಏರುತ್ತಿದೆ. ಆದ್ದರಿಂದ ಆಮ್ಲದಷ್ಟೇ ಮೋಲ್ ಸೋಡಿಯಂ ಬೈಕಾರ್ಬೊನೇಟನ್ನೂ ಹಾಕಬೇಕು. ಲವಣಾಂಶ 35, ಉಷ್ಣತೆ 28 ಡಿಗ್ರಿ, ಕ್ಷಾರೀಯತೆ ಕಿಲೋಗೆ 2300 ಮೈಕ್ರೋಮೋಲ್ ಇರುವ ನೀರಿನ ಇಂಗಾಲದ ಡೈಆಕ್ಸೈಡ್ ಒತ್ತಡವನ್ನು 400ರಿಂದ 1000 ಮೈಕ್ರೋಆಟ್ಮಾಸ್ಫಿಯರ್‌ಗೆ ಏರಿಸಲು ಕಿಲೋಗೆ ಸುಮಾರು 165 ಮೈಕ್ರೋಮೋಲ್ ಸಾಕು. ಅಂದರೆ ಲೀಟರಿಗೆ 0.1 ಮೋಲಾರ್ ಬೈಕಾರ್ಬೊನೇಟ್ 1.7 ಮಿಲಿ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1.7 ಮಿಲಿ. ಬೈಕಾರ್ಬೊನೇಟನ್ನು ಅಂದೇ ಕರಗಿಸಿ, ಮೊದಲು ಹಾಕಿ. ಆಮ್ಲವನ್ನು ಆಮೇಲೆ ಹನಿಹನಿಯಾಗಿ ಬಿಡಿ. ಉಳಿದ ಬಾಟಲಿಗಳಿಗೆ ಅಷ್ಟೇ ಬಟ್ಟಿ ಇಳಿಸಿದ ನೀರು. ಗುಳ್ಳೆ ಉಳಿಯದಂತೆ ಕಂಠಪೂರ್ತಿ ತುಂಬಿ ಮುಚ್ಚಿ.

ಬಿಸಿಯನ್ನು ಒಂದು ದಿನದಲ್ಲಿ ನಿಧಾನವಾಗಿ ಏರಿಸಿ. ನೀರು ಬಿಸಿಯಾದರೆ ಏನೂ ಬೆರೆಸದಿದ್ದರೂ ಡಿಗ್ರಿಗೆ ಶೇ 4ರಷ್ಟು ಇಂಗಾಲದ ಡೈಆಕ್ಸೈಡ್ ಒತ್ತಡ ಏರುತ್ತದೆ, ಪಿಎಚ್ ಸುಮಾರು 0.015 ಇಳಿಯುತ್ತದೆ. ವರದಿಯಲ್ಲಿ ಇದನ್ನು ಆಮ್ಲೀಕರಣದ ಖಾತೆಗೆ ಸೇರಿಸಬೇಡಿ.

ಪಿಎಚ್ ಮೀಟರನ್ನು ಅಂಗಡಿಯ, ಪಿಎಚ್ 4, 7, 10 ಎಂದು ಸ್ಥಿರವಿರುವ ಬಫರ್‌ನಲ್ಲಿ ಸರಿಪಡಿಸಿದರೆ ಕಡಲನೀರಿಗೆ ಹೊಂದುವುದಿಲ್ಲ. ಆ ಅಳತೆಗೂ ಸಾಗರ ರಸಾಯನಶಾಸ್ತ್ರದಲ್ಲಿ ಕಡಲನೀರಿಗೆ ಬಳಸುವ 'ಒಟ್ಟು ಮಾಪಕ' ಎಂಬ ಪಿಎಚ್ ಅಳತೆಗೂ 0.1ಕ್ಕಿಂತ ಹೆಚ್ಚೇ ವ್ಯತ್ಯಾಸ. ಇಷ್ಟು ವರ್ಷಗಳ ಆಮ್ಲೀಕರಣದಷ್ಟೇ ತಪ್ಪು ಒಂದೇ ಏಟಿಗೆ. ಕೃತಕ ಕಡಲನೀರಿನಲ್ಲಿ ಮಾಡಿದ ಟ್ರಿಸ್ ಬಫರ್ ಬಳಸಿ. ಬೆಳಕಿನಲ್ಲಿ ಪ್ಲವಕಗಳು ಇಂಗಾಲ ಹೀರಿ ಪಿಎಚ್ ಏರಿಸುತ್ತವೆ, ಹಾಗಾಗಿ ಪ್ರತಿ ಬಾರಿಯೂ ಒಂದೇ ಹೊತ್ತಿಗೆ ಅಳೆಯಿರಿ.

ಬಾಟಲಿ ತೆರೆದ ಕೂಡಲೇ ಕೊಳವೆಯಿಂದ, ಗುಳ್ಳೆ ಏಳದಂತೆ, ಮೊದಲು ಕಾರ್ಬೊನೇಟ್ ಮಾದರಿಗೆ (ಕ್ಷಾರೀಯತೆ, ಕರಗಿದ ಇಂಗಾಲ ಅಳೆಯಲು) 250 ಮಿಲಿ ತೆಗೆದು, ಜೀವಿಗಳು ಅದನ್ನು ಬದಲಿಸದಂತೆ 50 ಮೈಕ್ರೋಲೀಟರ್ ಪರ್ಯಾಪ್ತ ಮರ್ಕ್ಯುರಿಕ್ ಕ್ಲೋರೈಡ್ ಹಾಕಿ. ಆಮೇಲೆ 500 ಮಿಲಿಯನ್ನು ಮಬ್ಬು ಬೆಳಕಿನಲ್ಲಿ ಜಿಎಫ್/ಎಫ್ ಎಂಬ ಗಾಜಿನ ನಾರಿನ ಫಿಲ್ಟರಿನಲ್ಲಿ ಸೋಸಿ, ಫಿಲ್ಟರನ್ನು 10 ಮಿಲಿ ಶೇ 90ರ ಅಸಿಟೋನ್‌ನಲ್ಲಿ 4 ಡಿಗ್ರಿಯ ಕತ್ತಲಲ್ಲಿ ರಾತ್ರಿಯಿಡೀ ಇಟ್ಟರೆ, ಸಸ್ಯ ಪ್ಲವಕ ಎಷ್ಟಿದೆ ಎಂದು ತಿಳಿಸುವ ಕ್ಲೋರೋಫಿಲ್ ಬಿಡುತ್ತದೆ. ಜೀವಿಗಳನ್ನು ಎಣಿಸಲು ಎರಡು ಬಾರಿ 100 ಮಿಲಿ: ಒಂದಕ್ಕೆ ಚಹಾದ ಬಣ್ಣ ಬರುವಷ್ಟು ಲೂಗಾಲ್ ಎಂಬ ಅಯೋಡಿನ್ ದ್ರಾವಣ, ಇನ್ನೊಂದಕ್ಕೆ ಬೋರಾಕ್ಸ್ ಬೆರೆಸಿದ ಫಾರ್ಮಾಲಿನ್. ಎರಡನೆಯದನ್ನು ಬಿಡಲೇಬೇಡಿ. ಆಮ್ಲೀಯ ಲೂಗಾಲ್‌ನಲ್ಲಿ ಕೊಕೊಲಿಥೊಫೋರ್ ಎಂಬ ಪ್ಲವಕಗಳ ಸುಣ್ಣದ ತಟ್ಟೆಗಳು ಕರಗಿಹೋಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಾಣದಿದ್ದಾಗ ಅಳಿಸಿದ್ದು ಪ್ರಯೋಗದ ಆಮ್ಲವೋ ಸೀಸೆಯ ಆಮ್ಲವೋ ಎಂದು ಹೇಳಲಾಗದು.

5ನೇ ದಿನಕ್ಕೇ ನಿಲ್ಲಿಸಿ. ಆಮೇಲೆ ಪೋಷಕಾಂಶ ತೀರಿ, ಬಾಟಲಿಯ ಗೋಡೆಗೆ ಬ್ಯಾಕ್ಟೀರಿಯಾ ಕಟ್ಟಿ, ಕಡಲಿನದಲ್ಲದ ಸಮುದಾಯ ಬೆಳೆಯುತ್ತದೆ. ಕಾರ್ಬೊನೇಟ್ ಮಾದರಿಯಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಇದೆ. ಅದು ಕಡುವಿಷ, ಸಿಂಕಿಗೆ ಸುರಿಯದೆ ಪಾದರಸದ ತ್ಯಾಜ್ಯದ ಡಬ್ಬಿಗೇ ಹಾಕಿ.